ಮುಟ್ಟದೆ ಬಿಟ್ಟ ಅತ್ತೆ

ದೇಶಕ್ಕೆ ಮೊದಲ ಸಲ ಹೆಂಗಸೊಬ್ಬರು ಪ್ರಧಾನಿಯಾದಾಗ ಹೆಣ್ಣು ಪೇದೆಯೊಬ್ಬಳಿಗೆ ಸಿಕ್ಕಿದ್ದು ಒಂದು ಪರದೆ. ಅದುವರೆಗೆ ಪ್ರಧಾನಿಯ ಮನೆಗೆ ಅಹವಾಲು ಹೇಳಲು ಬರುತ್ತಿದ್ದವರೆಲ್ಲ ಗಂಡಸರೇ. ಈಗ ನೋಡಿದರೆ ಗೇಟಿನ ಮುಂದೆ ಹೆಂಗಸರ ದಂಡು! ಅವರ ಮೈ ತಡಕಿ ಒಳಗೆ ಬಿಡಲು ಹೆಂಗಸೇ ಬೇಕೆಂಬುದು ಮೇಲಿನವರಿಗೆ ಆಗ ಹೊಳೆಯಿತು. ರಸ್ತೆಯಲ್ಲಿ ಸೀಟಿ ಊದಿಕೊಂಡಿದ್ದವಳನ್ನು ಎಳೆದು ತಂದು, ಗೇಟಿನ ಪಕ್ಕದ ಕೋಣೆಗೆ ಹಸಿರು ಬಟ್ಟೆ ಇಳಿಬಿಟ್ಟು ನಿಲ್ಲಿಸಿದರು. ಗಂಡು ಪೊಲೀಸರು 'ಪರದೆಪೇದೆ' ಎಂದು ಹೆಸರಿಟ್ಟು ನಕ್ಕರು.

ನಗುವೇನೋ ಸರಿ. ಸಾಹೇಬರು ಮೊದಲ ದಿನ ಹೇಳಿದ್ದನ್ನು ಮಾತ್ರ ಅವಳು ಮರೆಯಲಿಲ್ಲ. "ನೋಡಮ್ಮ, ಗಂಡಸು ತಪ್ಪು ಮಾಡಿದ್ರೆ ಅವನೊಬ್ಬನ್ನ ಮನೆಗೆ ಕಳಿಸ್ತಾರೆ. ನೀನು ಮಾಡಿದ್ರೆ, ಹೆಂಗಸ್ರ ಕೈಗೆ ಕೊಟ್ರೆ ಇಷ್ಟೇ ಅಂತಾರೆ. ನಿನಗೂ ಅಷ್ಟೇ, ಒಳಗೆ ಕೂತಿರೋರಿಗೂ ಅಷ್ಟೇ." ಅಂದಿನಿಂದ ಪ್ರತಿ ಮೈಯಲ್ಲೂ ಅವಳ ಬೆರಳುಗಳು ಸಾವನ್ನೇ ಹುಡುಕುತ್ತಿದ್ದವು. ಸಿಗುತ್ತಿದ್ದುದು ಕರವಸ್ತ್ರ, ಬೀಗದ ಕೈ, ಕೆಮ್ಮಿನ ಗುಳಿಗೆ.

ಆ ಸೋಮವಾರ ಪರದೆ ಸರಿಸಿ ಒಳಬಂದವಳು ಅವಳ ಅತ್ತೆ.

"ನೀವಾ? ಮನೇಲಿ ಒಂದು ಮಾತು ಹೇಳ್ಬಾರ್ದಾ ಅತ್ತೆ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ."

ನಿಜ, ಅನ್ನುತ್ತಿದ್ದಳು. ಹಿಂದಿನ ಸರ್ಕಾರವಿದ್ದಾಗ, ಮೆರವಣಿಗೆಗೆ ಹೋದ ತಪ್ಪಿಗೆ ಅತ್ತೆಯ ಕಿರಿಮಗನನ್ನು ಪೊಲೀಸರು ಮನೆಯಿಂದಲೇ ಎಳೆದೊಯ್ದಿದ್ದರು. ಸರ್ಕಾರ ಬದಲಾದರೂ ಅವನು ಬರಲಿಲ್ಲ. ಯಾವ ಜೈಲು ಎಂಬುದೂ ಗೊತ್ತಿಲ್ಲ. ಎಳೆದೊಯ್ದವರು ತೊಟ್ಟ ಸಮವಸ್ತ್ರವನ್ನೇ ಸೊಸೆಯೂ ತೊಡುತ್ತಾಳೆ. ಹಾಗಾಗಿ ಮನೆಯಲ್ಲಿ ಅವನ ಮಾತು ಬಂದರೆ ಇಬ್ಬರೂ ಎದ್ದು ಬೇರೆ ಬೇರೆ ಕೋಣೆಗೆ ಹೋಗುತ್ತಿದ್ದರು.

ಅತ್ತೆ ಶಾಲು ಹೊದ್ದು, ಒಂದು ಕೈಯನ್ನು ಅದರೊಳಗೇ ಬಿಗಿಹಿಡಿದು ನಿಂತಿದ್ದಳು. ನಿಯಮ ಎಲ್ಲರಿಗೂ ಒಂದೇ ಎನ್ನುವುದು ಗೋಡೆಯ ಮೇಲೆ ಬರೆಯಲು ಚೆಂದ. ಜ್ವರ ಬಂದಾಗ ಹಣೆ ಮುಟ್ಟಿದ್ದು ಬಿಟ್ಟರೆ ಎಂದೂ ಅತ್ತೆಯ ಮೈ ಮುಟ್ಟದವಳು ಈಗ ಎದೆ, ಸೊಂಟ ತಡಕುವುದೆಂದರೆ? ನಾಚಿಕೆಯಿಂದ ಕಿವಿ ಬಿಸಿಯಾಯಿತು. "ಹೋಗಿ," ಎಂದುಬಿಟ್ಟಳು.

ಮುಂದಿನ ಹೆಂಗಸಿನ ತೋಳು ತಡಕುವಾಗ ನೆನಪಾಯಿತು. ಬೆಳಿಗ್ಗೆ ತರಕಾರಿ ಹೆಚ್ಚುವ ಚಾಕು ಸಿಕ್ಕಿರಲಿಲ್ಲ. ಟೊಮೆಟೊವನ್ನು ಕೈಯಲ್ಲೇ ಹಿಸುಕಿ ಹಾಕಿದ್ದಳು. ಆಗ ಅತ್ತೆ ಕಿಟಕಿಯತ್ತ ನೋಡುತ್ತಾ, "ಇವತ್ತು ಎರಡರಲ್ಲಿ ಒಂದು ಆಗ್ಲೇಬೇಕು," ಎಂದಿದ್ದಳು.

ಹಿಡಿದಿದ್ದ ತೋಳನ್ನು ಬಿಟ್ಟುಬಿಟ್ಟಳು. ಛೇ, ಇರುವೆ ಸತ್ತರೂ ಮರುಗುವ ಅತ್ತೆ! ಆದರೆ ಕರುವನ್ನು ಕಿತ್ತುಕೊಂಡರೆ ಸಾಧು ಹಸುವೂ ಹಾಯುತ್ತದೆ. ಕೂಗಿದರೆ ಅತ್ತೆ ಜೈಲಿಗೆ. ಕೂಗದಿದ್ದರೆ ಒಳಗೊಂದು ಹೆಣ. ಆಮೇಲೆ ಈ ದೇಶದಲ್ಲಿ ಇನ್ನೊಬ್ಬ ಹೆಂಗಸನ್ನು ಆ ಕುರ್ಚಿಯ ಹತ್ತಿರ ಸುಳಿಯಲು ಬಿಟ್ಟಾರೆಯೇ? ಅತ್ತ ದರಿ, ಇತ್ತ ಪುಲಿ. ಪರದೆ ಸರಿಸಿ ಓಡಿದಳು.

ಸಭಾಂಗಣದಲ್ಲಿ ಅತ್ತೆ ಆಗಲೇ ಮೇಜಿನ ಮುಂದಿದ್ದಳು. ಪ್ರಧಾನಿ ಮುಂದಕ್ಕೆ ಬಾಗಿ, "ಹೇಳಿ ತಾಯಿ," ಎನ್ನುತ್ತಿದ್ದರು. ಅತ್ತೆಯ ಕೈ ಶಾಲಿನಿಂದ ಹೊರಬರುತ್ತಿತ್ತು.

"ಹಿಡೀರಿ! ಅವರನ್ನ ತಪಾಸಣೆ ಮಾಡಿಲ್ಲ!"

ಕೂಗಿದ್ದು ತಾನೇ ಎಂದು ಅವಳಿಗೆ ತಿಳಿಯುವಷ್ಟರಲ್ಲಿ ಕಾವಲಿನ ಗಂಡಸರು ಮುದುಕಿಯನ್ನು ನೆಲಕ್ಕೆ ಕೆಡವಿದ್ದರು. ಬೂಟಿನಡಿ ಏನೋ ಚಟ್ಟೆಂದಿತು. ಚಾಕುವಲ್ಲ, ಕನ್ನಡಕ.

"ನನ್ನ ಮಗಂದು," ಅತ್ತೆ ನೆಲದಿಂದಲೇ ಹೇಳಿದಳು. "ಎಳ್ಕೊಂಡು ಹೋಗೋವಾಗ ಬಿದ್ದುಹೋಗಿತ್ತು. ಅವನನ್ನ ಬಿಡಿ ಅಂತ ಕೇಳೋಕೆ ಬಂದಿಲ್ಲ. ಇದನ್ನ ಅವನಿಗೆ ತಲುಪಿಸಿ ಸಾಕು. ಇದಿಲ್ದೆ ಅವನಿಗೆ ಕಣ್ಣು ಕಾಣಲ್ಲ."

ಸೊಸೆ ಪ್ರಧಾನಿಯತ್ತ ನೋಡಿದಳು, ಒಂದು ಮಾತಾದರೂ ಆಡಿಯಾರೆಂದು. ಗಂಡಸರ ಹೆಗಲುಗಳ ನಡುವೆ ಕಂಡ ಆ ಮುಖ ಬಿಳಿಚಿಕೊಂಡಿತ್ತು. ಪರದೆಯ ಹಿಂದೆ ತಾನು ದಿನವೂ ಹೆದರುತ್ತಿದ್ದ ಹಾಗೆಯೇ ಆಕೆಯೂ ಹೆದರಿದ್ದರು. ಬಾಯಿ ತೆರೆದರು. ಪಕ್ಕದವನೊಬ್ಬ ಕಿವಿಯಲ್ಲಿ ಏನೋ ಉಸುರಿದ. ಬಾಯಿ ಮುಚ್ಚಿದರು. ಅವರನ್ನು ಹಿಂಬಾಗಿಲಿನಿಂದ ಕರೆದೊಯ್ದರು.

ಅಹವಾಲು ಸಭೆ ಅಂದಿಗೇ ಬಂದಾಯಿತು. ಸಾಹೇಬರು ಬೈಯುತ್ತಾರೆಂದು ಅವಳು ಕಾದಿದ್ದರೆ, ಅವರ ಮುಖದಲ್ಲಿ ಪೀಡೆ ತೊಲಗಿತು ಎಂಬ ನೆಮ್ಮದಿ. "ನಾಳೆಯಿಂದ ಪರದೆ ಬೇಕಾಗಿಲ್ಲಮ್ಮ," ಎಂದರು.

ಅತ್ತೆಯನ್ನು ವಿಚಾರಣೆ ಮಾಡಿ ಸಂಜೆಗೆ ಬಿಟ್ಟರು. ಸೊಸೆ ಮನೆಗೆ ಬಂದಾಗ ಅವಳು ಅಡುಗೆಮನೆಯಲ್ಲಿದ್ದಳು. ಬೆಳಿಗ್ಗೆ ಸಿಗದ ಚಾಕು ತರಕಾರಿ ಬುಟ್ಟಿಯಡಿಯಿಂದ ಇಣುಕುತ್ತಿತ್ತು. ತಪ್ಪಾಯ್ತು ಅತ್ತೆ ಎಂದು ಕಾಲಿಗೆ ಬೀಳಲು ದಾರಿಯುದ್ದಕ್ಕೂ ಮನಸ್ಸು ಮಾಡಿಕೊಂಡು ಬಂದಿದ್ದಳು ಇವಳು.

ಬೂಟಿನ ಸದ್ದಿಗೆ ಅತ್ತೆ ಬೆಚ್ಚಿ ತಿರುಗಿದಳು. ಒಲೆ ಆರಿಸಿದಳು. ಗೋಡೆಗೆ ಒರಗಿ ನಿಂತು ಎರಡೂ ಕೈಗಳನ್ನು ಮೇಲೆತ್ತಿದಳು.

"ನೋಡ್ಕೊಳ್ಳಮ್ಮ," ಎಂದಳು. ಮಾತಿನಲ್ಲಿ ಕೊಂಕಿರಲಿಲ್ಲ, ಸಿಟ್ಟೂ ಇರಲಿಲ್ಲ.