ನಾಲ್ಕನೇ ತುಂಡು

"ಈ ಮನೇಲಿ ಒಂದೇ ಒಂದು ಹೇರ್‌ಪಿನ್ನು ಸಿಗಲ್ವಲ್ಲ!" ಎನ್ನುತ್ತ ನರ್ಸಮ್ಮ ಕನ್ನಡಿಯ ಕೆಳಗಿನ ಡ್ರಾಯರನ್ನೇ ಎಳೆದು ನೆಲದ ಮೇಲೆ ಬೋರಲು ಹಾಕಿದಳು. ದಾರದ ಉಂಡೆ, ಮೊಂಡು ಸೂಜಿ, ಹಲ್ಲುದುರಿದ ಬಾಚಣಿಗೆ, ಒಂಟಿ ಗುಂಡಿಗಳು, ಒಣಗಿದ ಅಂಟಿನ ಡಬ್ಬಿ ಎಲ್ಲ ಉರುಳಿದವು. ಪಿನ್ನು ಮಾತ್ರ ಇರಲಿಲ್ಲ.

ಟೈಲರಮ್ಮ ಮಂಚದ ಪಕ್ಕ ಕೂತು, ಬೈಂಡಿಂಗ್ ಅಕ್ಕನ ಹಣೆಗೆ ಬಿದ್ದ ಬಿಳಿ ಕೂದಲನ್ನು ಮತ್ತೊಮ್ಮೆ ಹಿಂದಕ್ಕೆ ಒತ್ತಿದಳು. ಕೈ ತೆಗೆದದ್ದೇ ತಡ, ಎಳೆ ಜಾರಿ ಮೂಗಿನ ಮೇಲೆ ಬಂತು. ಬದುಕಿದ್ದಾಗಲೂ ಆ ಕೂದಲು ಯಾರ ಮಾತನ್ನೂ ಕೇಳಿದ್ದಿಲ್ಲ. ಅಕ್ಕ ಅದನ್ನು ಉಫ್ ಎಂದು ಊದಿ ಹಾರಿಸಿ ಓದು ಮುಂದುವರಿಸುತ್ತಿದ್ದಳು. ಇನ್ನು ಊದುವವರಿಲ್ಲ ಎಂದು ನೆನಪಾಗಿ ಟೈಲರಮ್ಮ ತಾನೇ ಎಳೆಯನ್ನು ಪಕ್ಕಕ್ಕೆ ಸರಿಸಿದಳು.

"ಇದ್ದಬದ್ದ ಪಿನ್ನೆಲ್ಲ ಗುರುತಿಗೆ ಅಂತ ಪುಸ್ತಕದಲ್ಲಿ ಇಟ್ಟಿರ್ತಾಳೆ ಮಹಾರಾಯ್ತಿ," ಎಂದಳು ನರ್ಸಮ್ಮ. "ಯಾವುದಾದ್ರೂ ಪುಸ್ತಕ ಕೊಡವಿ ನೋಡು, ಉದುರುತ್ತೆ."

ಕೊಡವೋಣವೆಂದರೆ ಪುಸ್ತಕವೆಲ್ಲಿ? ಗೋಡೆಯ ಕಪಾಟು ಹೆಚ್ಚುಕಡಿಮೆ ಖಾಲಿಯಾಗಿತ್ತು.

"ಹೌದಲ್ಲ," ಎಂದು ನರ್ಸಮ್ಮ ಹಣೆ ಚಚ್ಚಿಕೊಂಡಳು. "ಹೋದ ತಿಂಗಳು ನನ್ನ ಪುಸ್ತಕ ಅಷ್ಟೂ ವಾಪಸ್ ಕೊಟ್ಳು. ಕಿತ್ತುಹೋಗಿದ್ದಕ್ಕೆಲ್ಲ ಹೊಸ ರಟ್ಟು ಬೇರೆ. ಮನೆಗೆ ಬಣ್ಣ ಹೊಡೆಸ್ತಾಳೇನೋ ಅಂದ್ಕೊಂಡೆ."

ಬೆಳಿಗ್ಗೆ ಮಗಳು ಟೀ ಹಿಡಿದುಕೊಂಡು ಬಂದು ಎಬ್ಬಿಸಿದಾಗ ಅಕ್ಕ ಏಳಲಿಲ್ಲ. ಮಲಗಿದ್ದಲ್ಲೇ ಹೋದಳು, ಯಾರಿಗೂ ಒಂದು ಲೋಟ ನೀರಿನ ತೊಂದರೆ ಕೊಡಲಿಲ್ಲ, ಅಂಥ ಸಾವು ಎಲ್ಲರಿಗೂ ಎಲ್ಲಿ ಸಿಗುತ್ತೆ ಎಂದು ಬಂದವರೆಲ್ಲ ಹೇಳುತ್ತಿದ್ದರು. ಅಕ್ಕನ ತಮ್ಮ ಬಾಗಿಲಲ್ಲಿ ನಿಂತು ಗಾಡಿಯವನಿಗೆ ಫೋನಿನಲ್ಲಿ ದಾರಿ ಹೇಳುತ್ತಿದ್ದ.

ಟೈಲರಮ್ಮನ ಕೈಚೀಲದಲ್ಲಿ, ಅಕ್ಕ ನಾಲ್ಕು ಭಾಗ ಮಾಡಿದ್ದ ಕಾದಂಬರಿಯ ಮೂರನೇ ತುಂಡು ಇತ್ತು. ಅದರ ಕಡೆಯ ಅಧ್ಯಾಯ ಅವಳು ಇನ್ನೂ ಓದಿರಲಿಲ್ಲ. ಆ ಚೀಲವನ್ನು ಅವಳು ಕಾಲಿನ ಹಿಂದೆ ಸರಿಸಿ ಬಚ್ಚಿಟ್ಟುಕೊಂಡು ಕೂತಿದ್ದಳು.

*

ಅಕ್ಕ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡಿಯೇ ತಲೆ ಬೆಳ್ಳಗೆ ಮಾಡಿಕೊಂಡವಳು. ಇಡೀ ಜೀವಮಾನ ಪುಸ್ತಕ ಹೊಲಿದಿದ್ದಳು, ಓದಲು ಮಾತ್ರ ಪುರುಸೊತ್ತಾಗಿರಲಿಲ್ಲ. ಕೆಲಸ ಬಿಟ್ಟ ಮಾರನೆಯ ದಿನವೇ ಮೆಟ್ಟಿಲಿಳಿದು ಬಂದು, ಕೆಳಗಿನ ಟೈಲರಮ್ಮನ ಅಂಗಡಿಯ ಸ್ಟೂಲಿನ ಮೇಲೆ ಕೂತು ಓದಲು ಶುರು ಮಾಡಿದಳು. ಮನೆಯಲ್ಲಿ ಕೂತು ಓದಿದರೆ ಯಾರಿಗೆ ಹೇಳುವುದು, ಗೋಡೆಗಾ ಎಂಬುದು ಅವಳ ವಾದ.

ಪ್ಯಾಂಟು ಗಿಡ್ಡ ಮಾಡಿಸಲು ಬಂದವರನ್ನೂ ಅವಳು ಬಿಡುತ್ತಿರಲಿಲ್ಲ. "ಈಗ ಏನು ಓದ್ತಿದೀರಿ?" ಎಂದು ಕೇಳುವಳು. "ಏನೂ ಇಲ್ಲ" ಎಂದರೆ ಕನ್ನಡಕ ಮೇಲೇರಿಸಿ, "ಅಯ್ಯೋ, ಯಾಕೆ, ಹುಷಾರಿಲ್ವಾ?" ಎನ್ನುವಳು. ನಾಚಿಕೆಗೆ ಬಿದ್ದು ಓದಲು ಹಿಡಿದವರು ಆ ಬೀದಿಯಲ್ಲಿ ಬೇಕಾದಷ್ಟು ಮಂದಿ. ಅವರಲ್ಲಿ ಉಳಿದುಕೊಂಡವರು ನಿವೃತ್ತ ನರ್ಸಮ್ಮ ಮತ್ತು ಬಸ್ಸು ಓಡಿಸುತ್ತಿದ್ದ ಡ್ರೈವರಣ್ಣ. ಹೊಲಿಗೆ ಯಂತ್ರ ಬಿಟ್ಟು ಏಳಲಾಗದ ಟೈಲರಮ್ಮ ಹೇಗೂ ಇದ್ದೇ ಇದ್ದಳು.

ಒಮ್ಮೆ ನರ್ಸಮ್ಮ ಒಂದು ದಪ್ಪ ಕಾದಂಬರಿ ತಂದಳು. ಎತ್ತಿ ಹಿಡಿದರೆ ಮುಂಗೈ ಸೋಲುತ್ತದೆ, ಎದೆಯ ಮೇಲೆ ಇಟ್ಟುಕೊಂಡರೆ ಉಸಿರು ಕಟ್ಟುತ್ತದೆ ಎಂದು ಟೈಲರಮ್ಮ ಗೊಣಗಿದಳು. ಅಕ್ಕ ಸೀದಾ ಮೇಲೆ ಹೋಗಿ ತನ್ನ ಬೈಂಡಿಂಗ್ ಚಾಕು ತಂದು ಪುಸ್ತಕದ ಬೆನ್ನಿಗೆ ಇಟ್ಟೇಬಿಟ್ಟಳು.

"ಅಕ್ಕಾ, ಪುಸ್ತಕಕ್ಕೆ ಚಾಕು ಹಾಕ್ತೀರಾ?" ಎಂದು ಡ್ರೈವರಣ್ಣ ಕಣ್ಣು ಮುಚ್ಚಿಕೊಂಡ.

"ಇಷ್ಟು ವರ್ಷ ಹೊಲಿದವಳು ನಾನು, ಬಿಚ್ಚೋ ಹಕ್ಕು ನನಗಿಲ್ವಾ? ಓದಿ ಮುಗಿಸಿ, ಮತ್ತೆ ಹೊಲಿದು ಕೊಡ್ತೀನಿ. ಬರೆದವರೇ ಬಂದ್ರೂ ಗೊತ್ತಾಗಬಾರದು, ಹಾಗೆ."

ನಾಲ್ಕು ತುಂಡಾಯಿತು. ಒಂದೊಂದಕ್ಕೂ ಹಳೇ ಕ್ಯಾಲೆಂಡರಿನ ಹೊದಿಕೆ ಬಂತು. ಅಂದಿನಿಂದ ಯಾವ ದಪ್ಪ ಪುಸ್ತಕ ಬಂದರೂ ಅದೇ ಪದ್ಧತಿ. ಮೊದಲು ಅಕ್ಕ, ಆಮೇಲೆ ನರ್ಸಮ್ಮ, ಆಮೇಲೆ ಡ್ರೈವರಣ್ಣ, ಚಿಕ್ಕವಳೆಂದು ಕೊನೆಗೆ ಟೈಲರಮ್ಮ. ನಾಲ್ವರೂ ಓದಿ, ಭಾನುವಾರ ಕೂತು ಮಾತಾಡಿ ಮುಗಿಯುವವರೆಗೆ ಮುಂದಿನ ತುಂಡು ಹೊರಗೆ ಬರುವಂತಿಲ್ಲ. ಒಂದು ಸಲ ಡ್ರೈವರಣ್ಣ ಕದ್ದು ಕೊನೆಯ ಪುಟ ನೋಡಿ, ಕೊಲೆ ಮಾಡಿದ್ದು ಅಡುಗೆಯವನೇ ಎಂದು ಬಾಯಿಬಿಟ್ಟ. ಅಕ್ಕ ಅವನಿಗೆ ಮುಂದಿನ ಪುಸ್ತಕವನ್ನೇ ಕೊಡಲಿಲ್ಲ. ಪಾಪ, ಅಂಗಡಿಯ ಕಿಟಕಿಯಲ್ಲಿ ಇಣುಕಿ "ಏನಾಯ್ತು, ಏನಾಯ್ತು" ಎಂದು ಕೇಳುತ್ತ ಒಂದು ತಿಂಗಳು ಕಳೆದ.

"ಕೊನೆ ಪುಟ ಮೊದಲು ನೋಡೋರೂ, ನೆಂಟರ ಮನೆಗೆ ಹೋಗಿ ಪಾತ್ರೆ ಮುಚ್ಚಳ ತೆಗೆದು ನೋಡೋರೂ ಒಂದೇ," ಎಂದಳು ಅಕ್ಕ. ಅಲ್ಲಿಂದ ಮುಂದೆ ಕೊನೆಯ ತುಂಡಿಗೆ ಕಾಗದದ ಪಟ್ಟಿ ಅಂಟಿಸಿ, ಪಟ್ಟಿಯಿಂದ ಹೊದಿಕೆಯವರೆಗೆ ಅಡ್ಡಲಾಗಿ ನೀಲಿ ಪೆನ್ಸಿಲಿನ ಗೆರೆ ಎಳೆದಿಡತೊಡಗಿದಳು. ಯಾರಾದರೂ ಕಿತ್ತರೆ ಗೆರೆ ಹೇಳುತ್ತದೆ.

*

"ಟೈಲರಮ್ಮಾ," ಎಂದು ಯಾರೋ ಮೆಲ್ಲಗೆ ಕರೆದರು. ಡ್ರೈವರಣ್ಣ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದ. "ಇವರನ್ನ ನೋಡಿ. ಆಗಲಿಂದ ಏನೋ ಹೇಳಬೇಕು ಅಂತಿದಾರೆ."

ಅವನ ಪಕ್ಕದಲ್ಲಿ ಔಷಧಿ ಅಂಗಡಿಯವನು ಟೋಪಿ ಹಿಂಡುತ್ತ ನಿಂತಿದ್ದ.

"ಏನಿಲ್ಲ," ಎಂದ ಅವನು. "ಮಾತ್ರೆಗೆ ಬಂದಾಗೆಲ್ಲ ಕೇಳೋರು, ಏನು ಓದ್ತಿದೀರಿ ಅಂತ. ನಾನು ಓದೋನಲ್ಲ. ಕಾಟ ತಡೀಲಾರದೆ ಜೇನುಹುಳದ ಮೇಲೆ ಒಂದು ಪುಸ್ತಕ ತಗೊಂಡೆ. ಚೆನ್ನಾಗಿದೆ ರೀ. ರಾಣಿ ಹುಳ ಮುದಿಯಾದ್ರೆ ಉಳಿದವು ಏನು ಮಾಡ್ತವೆ ಅನ್ನೋ ಹತ್ರ ಬಂದಿದ್ದೆ. ಇವತ್ತು ಬಂದ್ರೆ ಹೇಳೋಣ ಅಂತ ಪುಟ ಮಡಿಚಿ ಇಟ್ಟಿದ್ದೆ."

"ನನಗೆ ಹೇಳಿ," ಎಂದ ಡ್ರೈವರಣ್ಣ. "ಏನು ಮಾಡ್ತವೆ?"

ಇಬ್ಬರೂ ಕಿಟಕಿಯ ಕಡೆ ಸರಿದರು. ಸತ್ತವರ ಮನೆಯಲ್ಲಿ ಜೇನುಹುಳದ ಮಾತು ಎಂದು ಅಕ್ಕನ ತಮ್ಮ ಹುಬ್ಬು ಗಂಟಿಕ್ಕಿ ನೋಡಿದ. ಆದರೆ ಆ ಕೋಣೆಯಲ್ಲಿ ಎಲ್ಲೆಲ್ಲೂ ಅದೇ ನಡೆದಿತ್ತು. ಗೋಡೆಗೆ ಒರಗಿದ್ದ ಇಬ್ಬರು ಹೆಂಗಸರು ಒಂದು ಪತ್ತೇದಾರಿ ಕತೆಯ ಬಗ್ಗೆ ಪಿಸುಗುಟ್ಟುತ್ತಿದ್ದರು. ಅಕ್ಕನ ಮುಂದೆ ಬೇರೆ ಮಾತು ಆಡಿ ಅವರಿಗೆ ಅಭ್ಯಾಸವೇ ಇರಲಿಲ್ಲ.

ಔಷಧಿಯವನನ್ನು ಕಳಿಸಿ ಡ್ರೈವರಣ್ಣ ಮತ್ತೆ ಬಂದ. "ಟೈಲರಮ್ಮಾ, ತಪ್ಪು ತಿಳ್ಕೋಬೇಡಿ. ನಾಲ್ಕನೇ ತುಂಡು..."

"ಗೊತ್ತು," ಎಂದಳು ಟೈಲರಮ್ಮ. "ನನ್ನಿಂದಲೇ ಆಗಿದ್ದು. ಶಾಲೆ ಯೂನಿಫಾರಂ ಅಂತ ಮೂರನೇದನ್ನ ನಾನು ಇಟ್ಕೊಂಡು ಕೂತೆ. ಇಲ್ಲದಿದ್ರೆ ಅಕ್ಕ ಯಾವತ್ತೋ ಓದಿ ಮುಗಿಸಿರೋರು. ಕತೇಲಿ ಆ ಹುಡುಗಿ ವಾಪಸ್ ಬಂದಳೋ ಇಲ್ಲವೋ, ಗೊತ್ತಾಗದೇ ಹೋದ್ರಲ್ಲ, ಅಣ್ಣಾ."

ಹೇಳುತ್ತಿದ್ದಂತೆ ಅಳು ಬಂತು. ಬೆಳಿಗ್ಗೆಯಿಂದ ಅವಳನ್ನು ಕೊರೆಯುತ್ತಿದ್ದುದು ಇದೊಂದೇ.

*

ಈ ಸಲದ ಕಾದಂಬರಿ ಸಮುದ್ರದ ದಂಡೆಯ ದೀಪಸ್ತಂಭ ಕಾಯುವವನ ಸಂಸಾರದ್ದು. ಎರಡನೇ ತುಂಡಿನ ಕೊನೆಗೆ ಅವನ ಕಿರಿಮಗಳು ಜಗಳವಾಡಿ ದೋಣಿ ಹತ್ತಿ ಹೊರಟುಹೋಗುತ್ತಾಳೆ. ಅಪ್ಪ ಪ್ರತಿ ರಾತ್ರಿ ದೀಪ ಹಚ್ಚುತ್ತಾನೆ. ಅವಳು ಬರುತ್ತಾಳೋ ಇಲ್ಲವೋ ಎಂದು ನಾಲ್ವರ ನಡುವೆ ವಾರವಾರವೂ ವಾಗ್ಯುದ್ಧ.

"ಹೋದ ಬಸ್ಸು ಹೋಯ್ತು. ಹಿಂದಕ್ಕೆ ಕೂಗಿದ್ರೆ ಬರುತ್ತಾ?" ಎನ್ನುವನು ಡ್ರೈವರಣ್ಣ. ಅಪ್ಪನಿಗೆ ಕಾಯಿಲೆ ಬಂದರೆ ಬಂದಾಳು ಎನ್ನುವಳು ನರ್ಸಮ್ಮ. ಅವಳಿಗೆ ಯಾರಾದರೂ ಹಾಸಿಗೆ ಹಿಡಿಯದೆ ಕತೆ ರುಚಿಸುತ್ತಿರಲಿಲ್ಲ.

ಹೋದ ಭಾನುವಾರ ಟೈಲರಮ್ಮ ತಲೆ ತಗ್ಗಿಸಿ, ಈ ವಾರವೂ ಮುಗೀಲಿಲ್ಲ ಎಂದಳು. ಬೈಗುಳ ಕಾದಿದೆ ಎಂದೇ ತಿಳಿದಿದ್ದಳು. ನಿಧಾನದವರನ್ನು ಕಂಡರೆ ಅಕ್ಕನಿಗೆ ಆಗುತ್ತಿರಲಿಲ್ಲ. ಆದರೆ ಅಂದು ಅಕ್ಕ ನಕ್ಕಳು.

"ನಿಧಾನಕ್ಕೆ ಓದೇ. ಪುಸ್ತಕಕ್ಕೇನು ಕಾಲು ಬರುತ್ತಾ? ಬರೋ ಭಾನುವಾರ ಮತ್ತೆ ಕೂತರಾಯ್ತು." ಆಮೇಲೆ ಸ್ಟೂಲಿನಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿ, "ಅವಳು ಬಂದೇ ಬರ್ತಾಳೆ ಅಂತೀಯಲ್ಲ, ಯಾಕೆ? ಇನ್ನೊಂದು ಸಲ ಹೇಳು ನೋಡೋಣ," ಎಂದಳು.

"ಬರದೇ ಇದ್ರೆ ಇಷ್ಟು ದಪ್ಪ ಪುಸ್ತಕ ಯಾಕೆ ಬರೀತಿದ್ರು ಅಕ್ಕಾ? ಅಪ್ಪ ಅಷ್ಟು ಎಣ್ಣೆ ಸುಟ್ಟಿದ್ದು ದಂಡಾನಾ?"

ಅಕ್ಕ ಕೆಮ್ಮು ಬರುವಷ್ಟು ನಕ್ಕಳು. "ಅದೂ ಸರಿ. ನೋಡೋಣ, ನೋಡೋಣ," ಎಂದಳು.

*

"ಗಾಡಿ ತಿರುವಿಗೆ ಬಂತಂತೆ," ಎಂದು ಅಕ್ಕನ ತಮ್ಮ ಒಳಗೆ ಕೂಗಿದ.

ಟೈಲರಮ್ಮ ಕಣ್ಣೊರೆಸಿಕೊಂಡು ಎದ್ದಳು. ಅಕ್ಕನ ಮಗಳ ಕೈಹಿಡಿದು, "ಒಂದು ಕೇಳ್ತೀನಿ, ಇಲ್ಲ ಅನ್ಬೇಡಮ್ಮ," ಎಂದಳು. "ಅಮ್ಮನ ಹತ್ರ ಪಟ್ಟಿ ಅಂಟಿಸಿದ ತುಂಡು ಒಂದಿತ್ತು. ಕೊನೇ ಪುಟ ಓದಿ ಅವರ ಕಿವೀಲಿ ಹೇಳಿಬಿಡ್ತೀನಿ. ಗೊತ್ತಾಗದೆ ಹೋಗಬಾರದು."

ಮಗಳು ಒಂದು ಕ್ಷಣ ಅವಳ ಮುಖ ನೋಡಿದಳು. ಆಮೇಲೆ ಕಪಾಟಿನ ಮೇಲಿನ ಅಂತಸ್ತಿನಿಂದ ಕ್ಯಾಲೆಂಡರಿನ ಹೊದಿಕೆಯ ನಾಲ್ಕನೇ ತುಂಡನ್ನು ತಂದುಕೊಟ್ಟಳು. ಮನೆಯಲ್ಲಿ ಉಳಿದಿದ್ದ ಪುಸ್ತಕ ಅದೊಂದೇ.

"ಇದೇನಿದು, ಈ ಹೊತ್ತಲ್ಲಿ ಪುಸ್ತಕ!" ಎಂದ ತಮ್ಮ.

"ಓದಲಿ ಬಿಡು ಮಾವ," ಎಂದಳು ಮಗಳು.

ಟೈಲರಮ್ಮ ಚೀಲದಿಂದ ದಾರ ಕತ್ತರಿಸುವ ಪುಟ್ಟ ಕತ್ತರಿ ತೆಗೆದಳು. ಪಟ್ಟಿ ಭದ್ರವಾಗಿಯೇ ಇತ್ತು. ನೀಲಿ ಗೆರೆ ಮಾತ್ರ ಕೂಡುವಲ್ಲಿ ಒಂದು ನೂಲಿನಷ್ಟು ಸರಿದಿತ್ತು. ಬಟ್ಟೆಯ ಗೆರೆಗೆ ಗೆರೆ ಕೂಡಿಸಿ ಹೊಲಿಯುವ ಕಣ್ಣಿಗೆ ಅದು ತಪ್ಪಲಿಲ್ಲ. ಪಾಪ, ಅಕ್ಕನ ಕೈಯೂ ನಡುಗತೊಡಗಿತ್ತೇನೋ ಎಂದುಕೊಂಡು ಪಟ್ಟಿ ಕತ್ತರಿಸಿ, ಪುಸ್ತಕವನ್ನು ಹಿಂದಿನಿಂದ ತೆರೆದಳು.

ಕೊನೆಯ ಪುಟದಲ್ಲಿ ಒಂದು ಕಪ್ಪು ಹೇರ್‌ಪಿನ್ನು ಇತ್ತು. ಅದಕ್ಕೆ ಒಂದು ಬಿಳಿ ಕೂದಲು ಸಿಕ್ಕಿಕೊಂಡಿತ್ತು.

ಟೈಲರಮ್ಮ ಅದನ್ನು ನೋಡುತ್ತ ನಿಂತಳು. ಆಮೇಲೆ ಅವಳಿಗೆ ನಗು ಬಂತು. ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಓದಿಬಿಟ್ಟಿದಾರೆ ಅಣ್ಣಾ!" ಎಂದಳು. "ಕಿತ್ತು, ಓದಿ, ಮತ್ತೆ ಅಂಟಿಸಿ ಇಟ್ಟಿದಾರೆ. ನೋಡಿ!"

"ಅಕ್ಕನಾ?" ಡ್ರೈವರಣ್ಣ ಬಾಯಿ ಬಿಟ್ಟ. "ನನಗೆ ಒಂದು ಪುಸ್ತಕ ತಪ್ಪಿಸಿದ್ದು ಇದೇ ಅಕ್ಕನಾ?"

ನರ್ಸಮ್ಮ ನಗಲಿಲ್ಲ. ಖಾಲಿ ಕಪಾಟನ್ನೊಮ್ಮೆ, ಪಿನ್ನನ್ನೊಮ್ಮೆ ನೋಡಿದಳು. "ಪುಸ್ತಕ ಎಲ್ಲಾ ವಾಪಸ್ ಕೊಟ್ಟಿದ್ದು ಬಣ್ಣ ಹೊಡೆಸೋದಕ್ಕಲ್ಲ, ಅಲ್ವಾ?" ಎಂದು ಮಗಳನ್ನು ಕೇಳಿದಳು.

ಮಗಳು ತಲೆಯಾಡಿಸಿದಳು. "ಇನ್ನು ಹೆಚ್ಚು ದಿನ ಇಲ್ಲ ಅಂತ ಡಾಕ್ಟರು ಎರಡು ತಿಂಗಳ ಹಿಂದೆಯೇ ಹೇಳಿದ್ರಂತೆ. ನನಗೆ ಹೇಳಿದ್ದೇ ಮೊನ್ನೆ. ಕೆಳಗೆ ಯಾರಿಗೂ ಹೇಳ್ಬೇಡ, ಭಾನುವಾರ ಪುಸ್ತಕದ ಮಾತು ಬಿಟ್ಟು ನನ್ನ ಮಾತೇ ಆಗುತ್ತೆ ಅಂದ್ಲು."

ಟೈಲರಮ್ಮನ ನಗು ಎಲ್ಲೋ ನಡುವೆ ಅಳುವಾಗಿತ್ತು. ಎಲ್ಲ ಗೊತ್ತಿದ್ದವಳು, ಏನೂ ಗೊತ್ತಿಲ್ಲದವಳ ಹಾಗೆ ಗೋಡೆಗೆ ಒರಗಿ ಕೂತು, ಹುಡುಗಿ ಯಾಕೆ ಬರ್ತಾಳೆ ಇನ್ನೊಂದು ಸಲ ಹೇಳು ಎಂದು ಕೇಳಿದ್ದಳು. ತನ್ನ ತಡದಿಂದ ಅಕ್ಕನಿಗೆ ಏನೂ ತಪ್ಪಿರಲಿಲ್ಲ. ಇನ್ನೂ ಒಂದು ಭಾನುವಾರ ಸಿಗಲೆಂದು ಅಕ್ಕನಿಗೆ ತಡವಾಗುವುದೇ ಬೇಕಿತ್ತು. ಬೆಳಿಗ್ಗೆಯಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು, ಇಳಿದ ಜಾಗ ಮತ್ತೂ ನೋಯಿತು.

ಅವಳು ಪಿನ್ನನ್ನು ತೆಗೆದುಕೊಂಡು, ಪುಟದ ಮೇಲೆ ಕಣ್ಣು ಹಾಯಿಸದೆ ಪುಸ್ತಕ ಮುಚ್ಚಿದಳು.

"ಅಂದ್ರೆ? ಹುಡುಗಿ ಬಂದಳಾ ಇಲ್ವಾ?" ಎಂದ ಡ್ರೈವರಣ್ಣ.

"ಸರದಿ ಬಂದಾಗ ಓದ್ಕೊಳ್ಳಿ. ಮೊದಲು ನರ್ಸಮ್ಮ, ಆಮೇಲೆ ನೀವು, ಆಮೇಲೆ ನಾನು."

"ಕೊನೆಗೆ ನಾನು," ಎಂದಳು ಮಗಳು. "ಮೊದಲನೇ ತುಂಡು ಯಾರ ಹತ್ರ ಇದೆ?"

ಹೊರಗೆ ಗಾಡಿ ಬಂದು ನಿಂತಿತು. ಅಕ್ಕನ ತಮ್ಮ ಬಾಗಿಲು ಅಗಲ ಮಾಡಿದ. ಟೈಲರಮ್ಮ ಮಂಚದ ಬಳಿ ಬಗ್ಗಿ, ಇಷ್ಟು ವರ್ಷ ನೀವು ಎಂದೇ ಕರೆದಿದ್ದ ಅಕ್ಕನ ಕಿವಿಯಲ್ಲಿ ಮೆಲ್ಲಗೆ, "ಕಳ್ಳಿ ಕಣೇ ನೀನು," ಎಂದಳು. ಆಮೇಲೆ ಹಣೆಗೆ ಬಿದ್ದಿದ್ದ ಎಳೆಯನ್ನು ಹಿಂದಕ್ಕೆ ಸರಿಸಿ, ಕಿವಿಯ ಮೇಲೆ ಪಿನ್ನು ಸಿಕ್ಕಿಸಿ ಕೈ ತೆಗೆದಳು.

ಈ ಸಲ ಕೂದಲು ಜಾರಲಿಲ್ಲ.