ಅತ್ತೆಯ ಮೂಗು ಮತ್ತು ಮೊದಲ ಟ್ಯಾಂಕು

ಸೊಸೆಗೆ ನೀರಿನೊಳಗಿನ ಕೆಲಸ. ಬಂದರಿನಲ್ಲಿ ನಿಂತ ದೋಣಿಗಳ ತಳಕ್ಕಿಳಿದು, ಅಲ್ಲಿ ಅಂಟಿದ ಪಾಚಿ, ಚಿಪ್ಪುಗಳನ್ನು ಕೆರೆದು ತೆಗೆಯುವುದು. ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಟ್ಯಾಂಕುಗಳು ಅವಳ ಸ್ವಂತದವು, ನಾಲ್ಕಿದ್ದವು. ಅವಕ್ಕೆ ಗಾಳಿ ತುಂಬಿಕೊಡುತ್ತಿದ್ದ ಊರಿನ ಒಂದೇ ಒಂದು ಅಂಗಡಿ ಬಾಗಿಲು ಹಾಕಿತು ನೋಡಿ, ಶುರುವಾಯಿತು ಪಡಿಪಾಟಲು. ಬಸ್ಸಿನಲ್ಲಿ ಎರಡು ಗಂಟೆ ಹೋಗಬೇಕು, ಎರಡು ಗಂಟೆ ಬರಬೇಕು, ಇದು ಸಿಡಿಯುತ್ತದೆಯೇ ಎಂದು ಕಂಡಕ್ಟರ್ ಪ್ರತಿ ಸಲವೂ ಕೇಳಬೇಕು. ಮೂರು ತಿಂಗಳು ಹೀಗೆ ಅಲೆದು ಸುಸ್ತಾಗಿ, ಅವಳು ಗಾಳಿ ತುಂಬುವ ಯಂತ್ರವನ್ನೇ, ಒಂದು ಹಳೆಯ ಕಂಪ್ರೆಸರನ್ನು, ಮನೆಗೆ ತಂದಳು.

ತಂದದ್ದೇನೋ ಸರಿ, ಅತ್ತೆಯನ್ನು ಒಪ್ಪಿಸುವವರು ಯಾರು? ಅತ್ತೆ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ದೊಡ್ಡ ದೊಡ್ಡ ಡಾಕ್ಟರುಗಳೇ ಅವರೆದುರು ಬಾಲ ಮುದುರಿಕೊಂಡಿರುತ್ತಿದ್ದರಂತೆ. ಬಟ್ಟೆ ಒಗೆಯುವ ಕೋಣೆಯಲ್ಲಿ ಠೀವಿಯಿಂದ ಕೂತಿದ್ದ ಯಂತ್ರಕ್ಕೆ ಒಂದು ಸುತ್ತು ಬಂದು ಮೂಗು ಮುರಿದರು.

"ನೋಡಮ್ಮ, ಉಸಿರಾಡೋ ಗಾಳಿಗೆ ವಾಸನೆ ಇರಬಾರದು. ಮೊದಲನೇ ಟ್ಯಾಂಕು ತುಂಬಿದ ಮೇಲೆ ನಾನೇ ಮೂಸಿ ನೋಡ್ತೀನಿ. ಒಂಚೂರು ವಾಸನೆ ಬಂದ್ರೂ ಇದು ಗುಜರಿಗೆ."

ಸೊಸೆ ಹೂಂ ಅಂದಳು. ಇನ್ನೇನು ಅಂದಾಳು? ಆ ಬಸ್ಸಿನ ಪಾಡು ಇನ್ನೊಂದು ತಿಂಗಳು ಮುಂದುವರಿದರೆ ಕೆಲಸವನ್ನೇ ಬಿಡಬೇಕಿತ್ತು. ಆ ಕೆಲಸವೆಂದರೆ ಅವಳಿಗೆ ಪ್ರಾಣ.

ಗಂಡ ಕ್ರೇನ್ ನಡೆಸುವವನು, ತಾಯಿ ಹೆಂಡತಿಯ ನಡುವೆ ಬಾಯಿ ಹಾಕದ ಜಾಣ. ಅವಳ ಪಕ್ಷಕ್ಕೆ ಬಂದವರು ಮಾವ ಒಬ್ಬರೇ. ಲೇಥ್ ಮೆಷಿನ್ನಿನ ಮುಂದೆ ಆಯುಸ್ಸು ಕಳೆದ ಮಾವ, ನಿವೃತ್ತರಾದ ಮೇಲೆ ಕೈಕಟ್ಟಿ ಕೂತಿದ್ದರು. ಯಂತ್ರ ಬಂದದ್ದೇ ತಡ, ಹತ್ತು ವರ್ಷ ಚಿಕ್ಕವರಾದರು. ಬೋಲ್ಟು ಬಿಗಿದರು, ಎಣ್ಣೆ ಹಾಕಿದರು, ಹೊರಗಿನ ಗಾಳಿ ಎಳೆದುಕೊಳ್ಳುವ ಕೊಳವೆಯನ್ನು ಗೋಡೆಯಲ್ಲಿ ತೂತು ಕೊರೆದು ಹಿತ್ತಲಿಗೆ ಬಿಟ್ಟರು.

ಶನಿವಾರ ಬೆಳಿಗ್ಗೆ ಯಂತ್ರ ಶುರುವಾಯಿತು. ಸದ್ದೆಂದರೆ ಸದ್ದು, ಕಪಾಟಿನ ಲೋಟಗಳೆಲ್ಲ ಗಡಗಡ ನಡುಗಿದವು. ಅವಸರ ಮಾಡಿದರೆ ಟ್ಯಾಂಕು ಬಿಸಿಯೇರುತ್ತದೆ, ನಿಧಾನಕ್ಕೆ ತುಂಬಬೇಕು. ಹತ್ತು ನಿಮಿಷಕ್ಕೊಮ್ಮೆ ಯಂತ್ರದ ಕೆಳಗಿನ ನಲ್ಲಿ ತಿರುಗಿಸಿ, ಒಳಗೆ ಕೂಡಿದ ನೀರನ್ನು ಹೊರಬಿಡಬೇಕು. ಸೊಸೆ ಮೀಟರಿನ ಮುಳ್ಳಿನ ಮೇಲೆ ಕಣ್ಣು ನೆಟ್ಟು ಅಲ್ಲಾಡದೆ ನಿಂತಳು. ಹಿತ್ತಲ ಕಡೆ ನಿಗಾ ಇಡುತ್ತೇನೆಂದು ಮಾವ ಮೂರು ಸಲ ಹೋಗಿ ಬಂದರು. ಮುಳ್ಳು ಇನ್ನೂರು ಮುಟ್ಟಿ ಟ್ಯಾಂಕು ತುಂಬಿದಾಗ ಅವಳು ಯಂತ್ರ ನಿಲ್ಲಿಸಿ ಅತ್ತೆಯನ್ನು ಕರೆದಳು.

ಅತ್ತೆ ಟ್ಯಾಂಕಿನ ತಿರುಗಣೆಯನ್ನು ಒಂಚೂರು ಸಡಿಲಿಸಿದರು. ಗಾಳಿ ಬುಸ್ಸೆಂದಿತು. ಕಣ್ಣು ಮುಚ್ಚಿ ಮೂಸಿದರು. ಮತ್ತೊಮ್ಮೆ ಮೂಸಿದರು.

"ಹೊಗೆ," ಅಂದರು.

ಸೊಸೆ ಟ್ಯಾಂಕಿನತ್ತ ಬಗ್ಗಿದಳು. ತಾನೂ ಮೂಸಿದಳು, ಹೌದು, ಹೊಗೆಯೇ. ಎದ್ದೆನೋ ಬಿದ್ದೆನೋ ಎಂದು ಹಿತ್ತಲಿಗೆ ಓಡಿದಳು. ಕೊಳವೆಯ ಬಾಯಿಯ ಕೆಳಗೆ ಒಂದು ಬಕೆಟ್ಟು ಮಗುಚಿಟ್ಟಿತ್ತು, ಅದರ ಪಕ್ಕದಲ್ಲಿ ಮೂರು ಸಿಗರೇಟಿನ ತುಂಡು. ಏಳು ತಿಂಗಳ ಹಿಂದೆ ಎದೆನೋವು ಬಂದಾಗ ಮಾವ ಅತ್ತೆಗೆ ಆಣೆಯಿಟ್ಟು ಬಿಟ್ಟಿದ್ದ ಸಿಗರೇಟು.

ಹೇಳಿದರೆ ಮಾವನ ಮಾನ ಹೋಗುತ್ತದೆ, ಹೇಳದಿದ್ದರೆ ಯಂತ್ರ ಹೋಗುತ್ತದೆ. ತುಂಡುಗಳನ್ನು ಜೇಬಿಗೆ ಸೇರಿಸಿಕೊಂಡು ಒಳಗೆ ಬಂದಳು.

"ಫಿಲ್ಟರ್ ಹಳೇದು ಅನ್ಸುತ್ತೆ ಅತ್ತೆ."

"ಹಾಗಾದ್ರೆ ಗುಜರಿಯವನಿಗೆ ಫೋನ್ ಮಾಡ್ತೀನಿ." ಅತ್ತೆ ಆಗಲೇ ಫೋನು ಕೈಗೆತ್ತಿಕೊಂಡಿದ್ದರು. "ನನ್ನ ಕೆಟ್ಟವಳು ಅಂದ್ಕೊಂಡ್ರೂ ಪರವಾಗಿಲ್ಲ. ನೀನು ನೀರೊಳಗೆ ಇರೋ ಅಷ್ಟು ಹೊತ್ತೂ ನನಗೆ ಇಲ್ಲಿ ಉಸಿರು ಕಟ್ಟಿರುತ್ತೆ."

 ಸೊಸೆಗೆ ಮದುವೆಯಾಗಿ ಆರು ವರ್ಷವಾಗಿತ್ತು, ಇಂಥ ಮಾತು ಅವರ ಬಾಯಿಂದ ಕೇಳಿದ್ದು ಇದೇ ಮೊದಲು. ನಿಜ ಹೇಳಿಬಿಡೋಣ ಅನ್ನಿಸಿತು, ಆದರೆ ಕೈ ಮಾತ್ರ ಜೇಬಿನ ತುಂಡುಗಳನ್ನು ಇನ್ನಷ್ಟು ಒಳಕ್ಕೆ ಒತ್ತಿತು.

ಅಷ್ಟರಲ್ಲಿ ಬಾಗಿಲಲ್ಲಿ ಮಾವ ಕಾಣಿಸಿಕೊಂಡರು, ಇಂಗು ತಿಂದ ಮಂಗನ ಮುಖ ಹೊತ್ತು.

"ಫೋನ್ ಇಡೇ. ಮೆಷಿನ್ದು ತಪ್ಪಿಲ್ಲ, ನಂದು. ಕೊಳವೆ ಪಕ್ಕ ಕೂತು ಸೇದಿದ್ರೆ ಹೊಗೆನೆಲ್ಲ ಅದೇ ಎಳ್ಕೊಳ್ಳುತ್ತೆ, ನಿನ್ನ ಮೂಗಿಗೆ ಸಿಗಲ್ಲ ಅಂದ್ಕೊಂಡೆ. ಒಳಗೆ ಫಿಲ್ಟರ್ ಇದೆಯಲ್ಲ, ನುಂಗ್ಕೊಳ್ಳುತ್ತೆ ಅಂತ ಧೈರ್ಯ."

ಹೀಗೆಂದು ಸಿಗರೇಟಿನ ಪ್ಯಾಕು ತೆಗೆದು ಯಂತ್ರದ ಮೇಲಿಟ್ಟರು. ಅತ್ತೆ ಒಮ್ಮೆ ಗಂಡನನ್ನು ನೋಡಿದರು, ಒಮ್ಮೆ ಟ್ಯಾಂಕನ್ನು ನೋಡಿದರು. ಇವತ್ತು ಮಾವನ ಕತೆ ಮುಗಿಯಿತು ಎಂದುಕೊಂಡಳು ಸೊಸೆ. ಆದರೆ ಅತ್ತೆಯ ಭುಜ ಅಲುಗತೊಡಗಿತು. ನಕ್ಕರು, ನಗು ತಡೆಯಲಾರದೆ ಸ್ಟೂಲೆಳೆದು ಕೂತು ನಕ್ಕರು.

"ಏಳು ತಿಂಗಳಿಂದ ಇವರ ಅಂಗಿ ಮೂಸಿದೆ, ದಿಂಬು ಮೂಸಿದೆ, ಬಾಯಿ ಮೂಸಿದೆ. ಕಳ್ಳ ಸಿಗಲೇ ಇಲ್ಲ. ಇದು ಮೊದಲನೇ ದಿನವೇ ಸಾಕ್ಷಿ ಸಮೇತ ಹಿಡ್ಕೊಟ್ಟಿದೆ. ಇದನ್ನ ಗುಜರಿಗೆ ಹಾಕೋಕೆ ನನಗೇನು ತಲೆ ಕೆಟ್ಟಿದ್ಯಾ?"

ಸೊಸೆಗೆ ಅಳು ನಗು ಎರಡೂ ಒಟ್ಟಿಗೇ ಬಂತು. ಆ ಟ್ಯಾಂಕಿನ ಗಾಳಿಯನ್ನು ಪೂರ್ತಿ ಹೊರಬಿಟ್ಟಳು. ಕೊಳವೆಯನ್ನು ಮನೆಯ ಮಾಡಿಗಿಂತ ಎತ್ತರಕ್ಕೇರಿಸುವ ಶಿಕ್ಷೆ ಮಾವನಿಗೇ ಬಿತ್ತು. ಹೊಸ ಫಿಲ್ಟರ್ ಬಂದ ಮೇಲೆ, ಮುಂದಿನ ಶನಿವಾರ, ನಾಲ್ಕೂ ಟ್ಯಾಂಕು ತುಂಬಿ ಸಾಲಾಗಿ ನಿಲ್ಲಿಸಿದ್ದಾಯಿತು. ಅತ್ತೆ ಒಂದೊಂದನ್ನೂ ಮೂಸಿದರು. ಸೊಸೆ ಉಸಿರು ಬಿಗಿಹಿಡಿದಿದ್ದಳು.

"ಏನೂ ಇಲ್ಲ," ಅಂದರು ಅತ್ತೆ. "ಧೈರ್ಯವಾಗಿ ಹೋಗಿ ಬಾ. ಇನ್ಮೇಲೆ ವಾರಾ ವಾರಾ ನಾನೇ ಮೂಸಿ ಕಳಿಸ್ತೀನಿ. ಮೊದಲು ಟ್ಯಾಂಕು, ಆಮೇಲೆ ಇವರು."

ಮಾವ ಹೋಗಿ ನಾಲ್ಕನೇ ಟ್ಯಾಂಕಿನ ಹಿಂದೆ ಸರದಿಯಲ್ಲಿ ನಿಂತರು.