ಗುಂಡನ ಫ್ರಿಜ್ಜು

ಗುಂಡ ನಗುತ್ತಿದ್ದಾನೆ ಎಂದು ಮನೆಯವರೆಲ್ಲ ಒಂದೇ ರಾಗ ಹಾಡುತ್ತಿದ್ದರು. ಹಾಗಾಗಿ ಅವನಿಗೆ ಮೈ ಸರಿಯಿಲ್ಲ ಎಂಬ ಮನೆಮಗಳು ಚಿಕ್ಕಿಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಗುಂಡ ಎಂದರೆ ಆಕ್ಸಲಾಟಲ್. ಮೀನಲ್ಲ, ಹಲ್ಲಿಯೂ ಅಲ್ಲ. ಕಪ್ಪೆಯ ದೂರದ ದಾಯಾದಿ, ಬದುಕಿಡೀ ನೀರಿನಲ್ಲೇ ಕಳೆಯುವ ಪ್ರಾಣಿ. ತಿಳಿಗುಲಾಬಿ ಮೈ, ಕತ್ತಿನ ಎರಡೂ ಕಡೆ ಕೆಂಪು ಗರಿಗಳಂಥ ಕಿವಿರು, ಕೆನ್ನೆಯಿಂದ ಕೆನ್ನೆಗೆ ಹಬ್ಬಿದ ಬಾಯಿ. ಆ ಬಾಯಿಯ ಆಕಾರವೇ ಹಾಗೆ. ಹೊಟ್ಟೆ ತುಂಬಿದಾಗಲೂ ಅದೇ ನಗು, ಸಾಯುವಾಗಲೂ ಅದೇ ನಗು. ತಾನು ಓದಿದ ಕಾಲೇಜಿನ ಪ್ರಯೋಗಾಲಯ ಮುಚ್ಚಿದಾಗ ಚಿಕ್ಕಿ ಅವನನ್ನು ಗಾಜಿನ ತೊಟ್ಟಿಯ ಸಮೇತ ಮನೆಗೆ ತಂದಿದ್ದಳು. "ಡಿಗ್ರಿ ಮುಗಿಸ್ಕೊಂಡು ಕೆಲಸ ತಗೊಂಡು ಬಾ ಅಂದ್ರೆ ತೊಟ್ಟಿ ಹೊತ್ಕೊಂಡು ಬಂದ್ಲು" ಎಂದು ದೊಡ್ಡಮ್ಮ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು. ಚಿಕ್ಕಿ ಎದುರಾಡುತ್ತಿರಲಿಲ್ಲ. ಆ ಮನೆಯಲ್ಲಿ ಅವಳ ದನಿ ಕೇಳಬೇಕಾದರೆ ಮಿಕ್ಸಿ ನಿಲ್ಲಬೇಕಿತ್ತು. ದೊಡ್ಡಮ್ಮ ಕಚೇರಿಗಳಿಗೆ ಊಟದ ಡಬ್ಬಿ ಕಳಿಸುವವಳಾದ್ದರಿಂದ ಮಿಕ್ಸಿ ನಿಲ್ಲುತ್ತಿರಲಿಲ್ಲ.

ಅಪ್ಪನದು ಮೊಸಾಯಿಕ್ ನೆಲ ಹಾಕುವ ಕೆಲಸ. ಬರಿಯ ನೆಲ ಕಂಡರೆ ಅವನ ಕೈ ತುರಿಸುತ್ತದೆ. ಚಿಕ್ಕಿ ಯಾವುದೋ ಸಂದರ್ಶನಕ್ಕೆ ಹೋಗಿದ್ದ ದಿನ ತೊಟ್ಟಿಯ ಬೋಳು ಗಾಜಿನ ತಳ ಅವನ ಕಣ್ಣಿಗೆ ಬಿತ್ತು. ಕೆಲಸದಲ್ಲಿ ಮಿಕ್ಕಿದ್ದ ಅಮೃತಶಿಲೆಯ ಚೂರುಗಳನ್ನು ತಿಕ್ಕಿ ತೊಳೆದು, ಬಣ್ಣ ಹೊಂದಿಸಿ, ನೀರಿನಡಿ ದೊಡ್ಡದೊಂದು ಹೂವನ್ನೇ ಹಾಸಿಬಿಟ್ಟ. ಸಂಜೆ ಮನೆಗೆ ಬಂದ ಚಿಕ್ಕಿ ಅದನ್ನು ಕಂಡವಳೇ ತೊಟ್ಟಿಯ ಬಳಿ ಓಡಿದಳು. ಗುಂಡ ಕಚ್ಚಿ ತಿನ್ನುವವನಲ್ಲ. ಎರೆಹುಳ ಕಂಡರೆ ಬಾಯಿ ತೆರೆದು ಸುತ್ತಲ ನೀರಿನ ಸಮೇತ ಸೊರ್ರನೆ ಎಳೆದುಕೊಳ್ಳುತ್ತಾನೆ. ಹುಳದ ಜತೆ ಕಲ್ಲೂ ಹೋಗುತ್ತದೆ. ಅವಳು ಚೂರುಗಳನ್ನೆಲ್ಲ ಆರಿಸಿ ಬಕೆಟ್ಟಿಗೆ ಹಾಕಿದಳು. ಅಪ್ಪ ಮುಖ ಊದಿಸಿಕೊಂಡ.

"ಪಾಪದ ಪ್ರಾಣಿಗೆ ಒಂದು ನೆಲ ಹಾಕ್ಕೊಟ್ರೆ ಅದೂ ತಪ್ಪು ಈ ಮನೇಲಿ."

ಆದರೆ ಆಗಲೇ ತಡವಾಗಿತ್ತು. ಗುಂಡ ಊಟ ಬಿಟ್ಟ. ತಳದಲ್ಲಿ ಕಾಲೂರಿ ನಿಲ್ಲುತ್ತಿದ್ದವನು ಮೇಲೆ ತೇಲತೊಡಗಿದ, ಅದೂ ಒಂದು ಪಕ್ಕಕ್ಕೆ ವಾಲಿಕೊಂಡು. ಬಾಲದ ತುದಿ ಕೊಕ್ಕೆಯಂತೆ ಸುರುಟಿತು. ಹಿಂದಿನಿಂದ ಯಾರೋ ಗಾಳಿ ಊದುತ್ತಿರುವಂತೆ ಕಿವಿರುಗಳು ಮುಂದಕ್ಕೆ ಬಾಗಿದವು.

"ಈಜು ಕಲೀತಿದ್ದಾನೆ" ಎಂದ ಅಪ್ಪ.

"ತಲೆ ಬಾಚ್ಕೊಂಡಿದ್ದಾನೆ. ನೋಡು, ಹೇಗೆ ನಗ್ತಿದ್ದಾನೆ" ಎಂದಳು ದೊಡ್ಡಮ್ಮ.

ಚಿಕ್ಕಿ ಡಬ್ಬಿಯಲ್ಲಿ ಗುಂಡನನ್ನು ಇಟ್ಟುಕೊಂಡು ನಾಯಿ, ಬೆಕ್ಕು ನೋಡುವ ಡಾಕ್ಟರಮ್ಮನ ಬಳಿ ಹೋದಳು. ಡಾಕ್ಟರಮ್ಮ ಇಂಥದನ್ನು ಪುಸ್ತಕದಲ್ಲಷ್ಟೇ ನೋಡಿದ್ದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿ, ತಿಳಿದವರಿಗೆ ಫೋನು ಮಾಡಿ, ಎಕ್ಸ್‌ರೇ ತೆಗೆದಳು. ಹೊಟ್ಟೆಯೊಳಗೆ ಕಲ್ಲು ಬೆಳ್ಳಗೆ ಕಂಡಿತು.

"ಕುಯ್ದು ತೆಗೀಬಹುದು. ಆದ್ರೆ ಇಷ್ಟು ಪುಟ್ಟ ಮೈಗೆ ಮತ್ತು ಬರಿಸೋ ಮದ್ದು ಕೊಡೋದೇ ಗಂಡಾಂತರ. ಮೊದಲು ತಣ್ಣಗಿಟ್ಟು ನೋಡೋಣ, ಹಾಗಿಟ್ರೆ ನುಂಗಿದ್ದನ್ನ ತಾವಾಗೇ ಹೊರಗೆ ಹಾಕೋದುಂಟಂತೆ ಇವು. ಮುಚ್ಚಳದಲ್ಲಿ ತೂತಿರೋ ಡಬ್ಬಿ, ಕ್ಲೋರಿನ್ ತೆಗೆದ ತಣ್ಣೀರು, ಫ್ರಿಜ್ಜು. ದಿನಾ ನೀರು ಬದಲಾಯಿಸು. ಅವನೇ ಹೊರಗೆ ಹಾಕಿದ್ರೆ ಬದುಕ್ಕೋತಾನೆ. ಮಧ್ಯೆ ಬಿಸಿ ತಾಗಿಸ್ಬೇಡ, ಒಮ್ಮೆ ತಣ್ಣಗೆ ಒಮ್ಮೆ ಬೆಚ್ಚಗೆ ಆದ್ರೆ ತಡ್ಕೊಳ್ಳಲ್ಲ."

ಮನೆಯಲ್ಲಿ ಫ್ರಿಜ್ಜು ಎರಡು. ದೊಡ್ಡದು ದೊಡ್ಡಮ್ಮನ ಕಸುಬಿಗೆ. ಮೂಲೆಯ ಸಣ್ಣದು ಮನೆ ಮಂದಿಗೆ. ಸಣ್ಣದರಲ್ಲೂ ದೊಡ್ಡಮ್ಮನ ಬೆಣ್ಣೆ, ಮೊಟ್ಟೆ, ತಣ್ಣನೆಯ ಶರಬತ್ತಿನ ಬಾಟಲಿಗಳು ಬೀಡುಬಿಟ್ಟಿದ್ದವು. ಚಿಕ್ಕಿ ಅವನ್ನೆಲ್ಲ ತೆಗೆದು ದೊಡ್ಡದಕ್ಕೆ ತುರುಕಿ, ಸಣ್ಣದನ್ನು ಬರಿದು ಮಾಡಿ, ಟವೆಲ್ ಹೊದಿಸಿದ ಡಬ್ಬಿಯನ್ನು ಒಳಗಿಟ್ಟಳು.

"ಊಟ ಇಡೋ ಕಡೆ ಹುಳ ತಿನ್ನೋದನ್ನ ಇಡ್ತಾರಾ ಯಾರಾದ್ರೂ?"

"ಅದರಲ್ಲಿ ಊಟ ಇಲ್ಲ ದೊಡ್ಡಮ್ಮ. ಇನ್ನು ಇಡೋದೂ ಬೇಡ."

"ಏನಂದೆ?" ಎಂದಳು ದೊಡ್ಡಮ್ಮ. ಕೇಳಿಸಿರಲಿಲ್ಲ, ಮಿಕ್ಸಿ ತಿರುಗುತ್ತಿತ್ತು.

ಮರುದಿನ ಮಧ್ಯಾಹ್ನ ಅಂಗಡಿಯಿಂದ ಬಂದ ಚಿಕ್ಕಿ ನೋಡಿದರೆ, ಡಬ್ಬಿ ಅಡುಗೆಮನೆಯ ಕಿಟಕಿಯ ಬಳಿ ಬಿಸಿಲಿನಲ್ಲಿತ್ತು. ಫ್ರಿಜ್ಜಿನಲ್ಲಿ ಶರಬತ್ತು ಸಾಲಾಗಿ ನಿಂತಿತ್ತು. ನೀರಿಗೆ ಬೆರಳು ಅದ್ದಿದಳು. ಉಗುರುಬೆಚ್ಚಗಾಗಲು ಸ್ವಲ್ಪವೇ ಬಾಕಿ. ಗುಂಡ ಡಬ್ಬಿಯ ಮೂಲೆಗೆ ಮೂತಿ ಒತ್ತಿ ಏದುಸಿರು ಬಿಡುತ್ತಿದ್ದ, ನಗುತ್ತಲೇ.

ಚಿಕ್ಕಿ ನೆಟ್ಟಗೆ ಗೋಡೆಯ ಬಳಿ ಹೋಗಿ ಮಿಕ್ಸಿಯ ಸ್ವಿಚ್ಚು ಆರಿಸಿದಳು. ಮನೆ ಒಮ್ಮೆಲೇ ಭಣಗುಟ್ಟಿತು.

"ಇವನನ್ನ ಮುಟ್ಟಬೇಡಿ" ಎಂದಳು. "ಇವನು ನಗ್ತಿಲ್ಲ. ಯಾವತ್ತೂ ನಕ್ಕಿಲ್ಲ. ಇವನ ಮುಖಾನೇ ಹಾಗೆ. ಇವನು ಸಾಯ್ತಿದ್ದಾನೆ ಅಂತ ಹೇಳಿದೆ, ನೀವು ಕೇಳ್ಲಿಲ್ಲ. ಈಗ ಕೇಳಿಸ್ತಲ್ಲ?"

"ನೆಂಟರು ಬರ್ತಾರೆ ಅಂತ ಶರಬತ್ತು..."

"ಬೆಚ್ಚಗೇ ಕುಡೀಲಿ."

ಬಾಟಲಿಗಳನ್ನು ಕೈಗೆ ಸಿಕ್ಕಂತೆ ಹೊರಗಿಟ್ಟು, ಡಬ್ಬಿಯ ನೀರಿಗೆ ತಣ್ಣನೆಯ ನೀರನ್ನು ಸ್ವಲ್ಪಸ್ವಲ್ಪವೇ ಬೆರೆಸಿ, ಗುಂಡನನ್ನು ಫ್ರಿಜ್ಜಿನ ಒಳಗಿಟ್ಟು, ಅದರ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಳು. ನೆಂಟರು ಬಂದರು. ಆಕೆ ಏಳಲಿಲ್ಲ. ಅವರು ಶರಬತ್ತನ್ನು ಬೆಚ್ಚಗೇ ಕುಡಿದು, ಹುಡುಗಿಗೆ ಏನಾಗಿದೆ ಎಂದು ದೊಡ್ಡಮ್ಮನನ್ನು ಕಣ್ಣಲ್ಲೇ ಕೇಳಿ ಹೋದರು.

ಅಪ್ಪ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ.

"ನನ್ನ ಕಲ್ಲೇ ಅಂತ ಏನು ಗ್ಯಾರಂಟಿ?"

"ಈ ಮನೆಗೆ ಬೇರೆ ಯಾರಪ್ಪ ಅಮೃತಶಿಲೆ ತರ್ತಾರೆ?"

ಅಪ್ಪ ಅಲ್ಲಿಂದ ಎದ್ದು ಹೋದ. ಆದರೆ ಮಾರನೆಯ ಬೆಳಿಗ್ಗೆ ಚಿಕ್ಕಿ ನೀರು ಬದಲಾಯಿಸಲು ಬಂದರೆ, ಕ್ಲೋರಿನ್ ತೆಗೆದ ನೀರಿನ ಕೊಡ ದೊಡ್ಡ ಫ್ರಿಜ್ಜಿನಲ್ಲಿ ಆಗಲೇ ತಣ್ಣಗಾಗುತ್ತಿತ್ತು. ಆಮೇಲೆ ದಿನವೂ ಹಾಗೆಯೇ.

ಒಂದು ಬೆಳಿಗ್ಗೆ ಟವೆಲ್ ಸರಿಸಿದಾಗ ಗುಂಡ ತಳದಲ್ಲಿ ನಾಲ್ಕೂ ಕಾಲೂರಿ ನಿಂತಿದ್ದ. ಕಿವಿರುಗಳು ಹಿಂದಕ್ಕೆ ಸರಿದಿದ್ದವು. ಅವನ ಬಾಲದ ಬಳಿ ಹಸಿರು ಅಮೃತಶಿಲೆಯ ಚೂರೊಂದು ಬಿದ್ದಿತ್ತು. ಅಪ್ಪ ಅದನ್ನು ಅಂಗೈಮೇಲಿಟ್ಟು ತಿರುಗಿಸಿ ತಿರುಗಿಸಿ ನೋಡಿದ.

"ನಂದೇ" ಎಂದ ಕೊನೆಗೆ. "ಪಾಲಿಶ್ ಮಾತ್ರ ಒಂಚೂರೂ ಹೋಗಿಲ್ಲ ನೋಡು."

ಚಿಕ್ಕಿ ನಗಲಿಲ್ಲ. ಅಪ್ಪ ತಲೆ ಕೆರೆದುಕೊಂಡು ಚೂರನ್ನು ಜೇಬಿಗಿಳಿಸಿದ.

ಅಷ್ಟರಲ್ಲಿ ದೊಡ್ಡಮ್ಮ ಬೆಣ್ಣೆಯ ಪೊಟ್ಟಣ ಹಿಡಿದು ಬಂದಳು. "ಸದ್ಯ, ಗೆದ್ದ ನಿನ್ನ ಗುಂಡ. ಇನ್ನು ಜಾಗ ಖಾಲಿ ಮಾಡಿಸು."

"ಇಲ್ಲ. ಒಮ್ಮೆಗೇ ಹೊರಗೆ ತೆಗೆಯೋ ಹಾಗಿಲ್ಲ. ಡಾಕ್ಟರಮ್ಮ ಹೇಳೋವರೆಗೆ ಇಲ್ಲೇ ಇರ್ತಾನೆ."

ದೊಡ್ಡಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ನೆಲ ನೋಡಿದ. ಚಿಕ್ಕಿ ಡಬ್ಬಿಯನ್ನು ಒಳಗಿಟ್ಟು ಫ್ರಿಜ್ಜಿನ ಬಾಗಿಲು ಮುಚ್ಚಿದಳು. ದೊಡ್ಡಮ್ಮನ ಕೈಯಲ್ಲಿ ಬೆಣ್ಣೆ ಮೆತ್ತಗಾಗುತ್ತಿತ್ತು. ಚಿಕ್ಕಿ ಬಾಗಿಲ ಮುಂದಿನಿಂದ ಸರಿಯಲಿಲ್ಲ.